ಮಸುಕು ಮಾಡಿದ ಮುಖ

"ನಕ್ಕರೋ ಇಲ್ವೋ? ಅಷ್ಟು ಹೇಳು ಸಾಕು. ಬೇರೆ ಪುರಾಣ ಬೇಡ ನಂಗೆ."

"ಗೆಥ್, ಮೊದ್ಲು ಕೂತ್ಕೋ."

"ಕೂರಲ್ಲ. ಲಂಡನ್ನಲ್ಲಿ ಆ ಕೋಟಿನವರ ಮುಂದೆ ಎಲ್ವೆಡ್‌ನ ವಿಡಿಯೋ ತೋರಿಸ್ದೆಯಲ್ಲ, ಅವ್ರು ನಕ್ಕರಾ?"

ನನ್ನ ತಂಗಿ ಮೆರೆರಿಡ್, ನಮಗೆಲ್ಲ ಮೆರಿ, ಕೆಟಲ್ ಹಿಡಿದುಕೊಂಡು ತನ್ನ ಅಡುಗೆಮನೆಯ ನಡುವೆ ನಿಂತಿದ್ದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಬೂಟು ಕೂಡ ಬಿಚ್ಚಿರಲಿಲ್ಲ. ಬೆಟ್ಟದ ಮೇಲಿನಿಂದ ಸಮುದ್ರದ ದಂಡೆಯ ಈ ಶಹರಕ್ಕೆ ಮಳೆಯಲ್ಲಿ ಕಾರು ಓಡಿಸಿಕೊಂಡು ಬಂದದ್ದು ಅವಳ ಚಹಾ ಕುಡಿಯಲಿಕ್ಕಲ್ಲ.

"ನಕ್ಕರು," ಅಂದಳು. "ಆದ್ರೆ ಅದು ಕೆಟ್ಟ ನಗು ಅಲ್ಲ ಕಣೋ."

"ಓಹೋ, ನಗೂನಲ್ಲೂ ಒಳ್ಳೇದು ಕೆಟ್ಟದ್ದು ಅಂತ ಇದೆಯಾ? ಯೂನಿವರ್ಸಿಟೀಲಿ ಅದನ್ನೂ ಪಾಠ ಮಾಡ್ತೀರಾ?"

"ಯಾರೂ ಅವನ ಹೆಸರು ಹೇಳಿಲ್ಲ ಗೆಥ್. ಮುಖ ಮಸುಕು ಮಾಡಿದ್ವಿ. ಧ್ವನಿ ಬದಲಾಯ್ಸಿದ್ವಿ. ಊರಿನ ಹೆಸರಿಲ್ಲ, ಕಂಪನಿ ಹೆಸರಿಲ್ಲ. ನಮ್ಮ ನೀತಿ ಸಮಿತಿ ಪೂರ್ತಿ ನೋಡಿ ಒಪ್ಪಿಗೆ ಕೊಟ್ಟಿದ್ದು. ಅವನು ಯಾರು ಅಂತ ಗೊತ್ತಾಗೋಕೆ ದಾರೀನೇ ಇರ್ಲಿಲ್ಲ."

"ಗೊತ್ತಾಯ್ತಲ್ಲ! ಸೋಮವಾರ ಬೆಳಿಗ್ಗೆ ನಮ್ಮ ಮ್ಯಾನೇಜರು ಡೆನ್ಜಿಲ್ ಮೇಬರಿ ಬಂದು ಎಲ್ವೆಡ್‌ನ ಕೊರಳಿಂದ ಕಾರ್ಡು ಬಿಚ್ಚಿಸ್ಕೊಂಡ. ವಿಚಾರಣೆ ಆಗೋವರ್ಗೂ ಮನೇಲಿರು ಅಂದ. ಇಡೀ ಕಣಿವೆಗೆ ಕುಡಿಯೋ ನೀರು ಕೊಟ್ಟೋನನ್ನ ಕಳ್ಳನ ಥರ ಗೇಟಿನವರೆಗೆ ಕರ್ಕೊಂಡು ಹೋಗಿ ಹೊರಗೆ ಬಿಟ್ಟ. ನಾನು ಅಲ್ಲೇ ನಿಂತು ನೋಡ್ದೆ."

"ಹೇಗೆ ಗೊತ್ತಾಯ್ತು? ಅದೇ ನಂಗೆ ಅರ್ಥ ಆಗ್ತಿಲ್ಲ."

"ಹಲಗೆ ಕಣೇ! ಅವನ ಹಿಂದೆ ಗೋಡೇಲಿ ನೇತಾಡ್ತಿದ್ದ ಹಲಗೆ!"

ಅವಳು ಕೆಟಲ್ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, ನಿಜವಾಗಿಯೂ ತಿಳಿಯದವಳ ಹಾಗೆ, "ಗೋಡೆ ನೋಡಿ ಯಾರು ಗುರುತು ಹಿಡೀತಾರೆ?" ಅಂದಳು.

ನನ್ನ ಸಿಟ್ಟು ನೆತ್ತಿಗೇರಿದ್ದು ಆ ಮಾತಿಗೆ. ಓದಿದವರ ತಪ್ಪೇ ಇದು. ಮನುಷ್ಯನ ಮುಖ ಮತ್ತು ಹೆಸರು ಅಳಿಸಿದರೆ ಮನುಷ್ಯನೇ ಅಳಿಸಿಹೋದ ಅಂದುಕೊಳ್ಳುತ್ತಾರೆ. ಅವರ ಸಮಿತಿಗಳೂ ಹಾಗೇ ಅಂದುಕೊಳ್ಳುತ್ತವೆ. ನಮ್ಮ ಕಸುಬಿನಲ್ಲಿ ಯಾರೂ ಮುಖ ನೋಡಿ ಜಾಗ ಗುರುತಿಸುವುದಿಲ್ಲ. ಒಂದು ವಾಲ್ವಿನ ಬಣ್ಣ, ಒಂದು ಪೈಪಿನ ತಿರುವು, ಕಿಟಕಿಯಾಚೆಯ ಒಂದು ಗೋಡೆ ಸಾಕು. ಇನ್ನು ಆ ಹಲಗೆಯನ್ನು ನೋಡಿದರೆ ಟಾರೆನ್ ನೀರಿನ ಕಂಪನಿಯಲ್ಲಿ ಲಾರಿ ಓಡಿಸುವವನೂ ಹೇಳುತ್ತಿದ್ದ, ಇದು ಗಾರ್ವೆನ್ ಬೆಟ್ಟದ ಮೇಲಿನ ಶುದ್ಧೀಕರಣ ಘಟಕ, ಮುಂದೆ ಕೂತವನು ಎಲ್ವೆಡ್ ಕ್ಲೋರಿನ್ ಅಂತ.

ಕ್ಲೋರಿನ್ ಅವನ ಮನೆತನದ ಹೆಸರಲ್ಲ. ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಕಸುಬಿನ ಹೆಸರೇ ಅಂಟಿಕೊಳ್ಳುತ್ತದೆ. ಅವನು ಭಾನುವಾರದ ಸೂಟು ಹಾಕಿಕೊಂಡು ಬಂದರೂ ಕ್ಲೋರಿನ್ ವಾಸನೆ ಬರುತ್ತಿತ್ತು, ಅದಕ್ಕೆ.

ಹಲಗೆ ನಮ್ಮೂರ ಚಾಪೆಲ್ಲಿನದು, ಅಂದರೆ ನಮ್ಮ ಪ್ರಾರ್ಥನಾ ಮಂದಿರದ್ದು. ಈ ದಿನ ಯಾವ ಯಾವ ಗೀತೆ ಹಾಡಬೇಕು ಎಂದು ಅಂಕಿಗಳನ್ನು ಸಿಕ್ಕಿಸುವ ಮರದ ಹಲಗೆ. ಚಾಪೆಲ್ಲು ಮುಚ್ಚಿದಾಗ ಬೆಂಚುಗಳು ಯಾವುದೋ ಹೋಟೆಲಿಗೆ ಹೋದವು. ಹಲಗೆಯನ್ನು ಯಾರೂ ಕೇಳಲಿಲ್ಲ. ಎಲ್ವೆಡ್ ಅದನ್ನು ಒರೆಸಿ ತಂದು ನಮ್ಮ ಕಂಟ್ರೋಲ್ ರೂಮಿನ ಗೋಡೆಗೆ ಹೊಡೆದ. ಪಂಪುಗಳನ್ನು ನಡೆಸುವ ಕಂಪ್ಯೂಟರಿಗೆ ವಾರಕ್ಕೊಂದು ಹೊಸ ಗುಪ್ತ ಸಂಖ್ಯೆ ಇರಬೇಕು, ಅದನ್ನು ಎಲ್ಲೂ ಬರೆದಿಡಬಾರದು ಅಂತ ಕಂಪನಿಯ ನಿಯಮ. ಪಾಳಿಯಲ್ಲಿ ದುಡಿಯುವ ನಾವು ನಾಲ್ವರು, ಕಂಪ್ಯೂಟರ್ ಒಂದು. ಯಾರ ತಲೆಯಲ್ಲಿ ನಿಲ್ಲುತ್ತದೆ? ಎಲ್ವೆಡ್ ಸೋಮವಾರ ಬಂದವನೇ ಗೀತೆಯ ಪುಸ್ತಕದಿಂದ ತನಗೆ ಬೇಕಾದ ಹಾಡುಗಳನ್ನು ಆರಿಸಿ ಅವುಗಳ ಅಂಕಿ ಹಲಗೆಗೆ ಸಿಕ್ಕಿಸುತ್ತಿದ್ದ. ಅದೇ ಆ ವಾರದ ಸಂಖ್ಯೆ. ಬಂದವರೆಲ್ಲ ಅದನ್ನು ನೋಡಿ, "ಎಲ್ವೆಡ್, ಈ ವಾರ ಏನು ರಾಗ?" ಎಂದು ತಮಾಷೆ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ಬೀಗದ ಕೈ ಕಣ್ಣೆದುರೇ ನೇತಾಡುತ್ತಿದೆ ಅಂತ ಒಬ್ಬನಿಗೂ ಹೊಳೆದಿರಲಿಲ್ಲ.

ಮೆರಿಯ ಲಂಡನ್ ಸಭೆಯಲ್ಲಿ ಟಾರೆನ್ ಕಂಪನಿಯ ಭದ್ರತೆಯ ಮುಖ್ಯಸ್ಥನೂ ಕೂತಿದ್ದ. ಬೇಸಿಗೆಯಲ್ಲಿ ಅವನು ನಮ್ಮ ಘಟಕಕ್ಕೆ ಬಂದು, ಅದೇ ಹಲಗೆಯ ಕೆಳಗೆ ಕೂತು, ಎಲ್ವೆಡ್‌ನ ಹೆಂಡತಿ ಮಾಡಿಕೊಟ್ಟ ಬಾರಾಬ್ರಿತ್ ಎಂಬ ಒಣಹಣ್ಣಿನ ಬ್ರೆಡ್ಡು ತಿಂದು ಹೋಗಿದ್ದ. ಸಭೆಯಲ್ಲಿ ಎಲ್ಲರ ಜೊತೆ ಅವನೂ ನಕ್ಕನಂತೆ. ನಗು ಮುಗಿದ ಮೇಲೆ ಹೊರಗೆ ಹೋಗಿ ಡೆನ್ಜಿಲ್‌ಗೆ ಫೋನು ಮಾಡಿದ.

"ನೀನು ಅದನ್ನ ತೋರಿಸ್ಲೇಬೇಕಿತ್ತಾ?" ಅಂತ ಕೇಳಿದೆ. "ಅವನು ನಿಂಗೆ ಹೇಳಿದ್ದು ನಾನು ಮಾತು ಕೊಟ್ಟೆ ಅಂತ. ನೀನು ಯೂನಿವರ್ಸಿಟಿಯವಳು ಅಂತ ಅಲ್ಲ."

ಹೌದು, ಮಾತು ಕೊಟ್ಟವನು ನಾನೇ.

ಮೆರಿ ಮತ್ತು ನಾನು ಕಲಿತದ್ದು ಒಂದೇ ಹಳ್ಳಿ ಶಾಲೆಯಲ್ಲಿ. ನಾನು ಅಲ್ಲಿಂದ ನೀರಿನ ಕೆಲಸಕ್ಕೆ ಹೋದೆ, ಅವಳು ಓದುತ್ತಾ ಹೋಗಿ ಡಾಕ್ಟರ್ ಪ್ರೊಬರ್ಟ್ ಆದಳು. ಸೈಬರ್ ಭದ್ರತೆ ಅವಳ ವಿಷಯ. ವರ್ಷಗಟ್ಟಲೆ ಒಂದು ಪೆಟ್ಟಿಗೆಯ ಹಿಂದೆ ಬಿದ್ದಿದ್ದಳು. ಪಂಪಿನ ತಂತಿಯ ಪಕ್ಕ ಅದನ್ನು ಕೂರಿಸಿದರೆ ಘಟಕದ ಚಾಳಿಯನ್ನೆಲ್ಲ ಅದು ಕಲಿಯುತ್ತದೆ. ದೂರದಿಂದ ಯಾವನೋ ಕಂಪ್ಯೂಟರಿನೊಳಗೆ ನುಗ್ಗಿ, ಕ್ಲೋರಿನ್ ನಾಲ್ಕು ಪಟ್ಟು ಸುರಿ ಅಂತ ಅಪ್ಪಣೆ ಕೊಟ್ಟರೆ, ಇದು ಇಲ್ಲಿಯವರ ಕೈಯಲ್ಲ ಅಂತ ಗುರುತಿಸಿ ತಡೆಯುತ್ತದೆ. ಒಳ್ಳೆಯ ಪೆಟ್ಟಿಗೆ. ಸುಳ್ಳು ಯಾಕೆ ಹೇಳಲಿ? ನನಗೇ ಬೇಕು ಅನ್ನಿಸಿತ್ತು. ಆದರೆ ಅದರ ಬಗ್ಗೆ ಅವಳು ಬರೆದದ್ದನ್ನೆಲ್ಲ ಓದುತ್ತಿದ್ದವರು ಅವಳಂಥ ಇನ್ನಷ್ಟು ಡಾಕ್ಟರುಗಳು ಮಾತ್ರ.

ಆಗ ಅವಳಿಗೆ ಸರ್ಕಾರದ ಒಂದು ಯೋಜನೆಯಲ್ಲಿ ಜಾಗ ಸಿಕ್ಕಿತು. ಯೂನಿವರ್ಸಿಟಿಯ ಕಪಾಟಿನಲ್ಲಿ ಕೊಳೆಯುವ ಇಂಥ ಯೋಚನೆಗಳಿಗೆ ಹಣ ಕೊಟ್ಟು, ಮಾರುವಂಥ ಸರಕು ಮಾಡಿಸಿ, ಕೊನೆಗೆ ಕಂಪನಿ ಕಟ್ಟಿಸುವ ಯೋಜನೆ. ಅದು ಜರಡಿ ಇದ್ದ ಹಾಗೆ. ಮೊದಲ ಹಂತದಲ್ಲಿ ನಿಮ್ಮ ಯೋಚನೆ ಯಾರಿಗೆ ಬೇಕು ಅಂತ ಹೇಳಬೇಕು. ಎರಡನೆಯದರಲ್ಲಿ ಬೇಕಾದವರ ಹತ್ತಿರ ಹೋಗಿ ಕೇಳಿಕೊಂಡು ಬಂದು ತೀರ್ಪುಗಾರರ ಮುಂದೆ ನಿಲ್ಲಬೇಕು. ಮೂರನೆಯದರಲ್ಲಿ ಪೆಟ್ಟಿಗೆಯನ್ನು ನಿಜವಾಗಿ ಕಟ್ಟಿ, ನಿಜವಾದ ಜಾಗದಲ್ಲಿ ಓಡಿಸಿ ತೋರಿಸಬೇಕು. ಪ್ರತಿ ಹಂತದಲ್ಲೂ ಒಂದಷ್ಟು ಜನ ಉದುರುತ್ತಾರೆ.

ಎರಡನೆಯ ಹಂತದಲ್ಲಿ ಅವಳು ನಮ್ಮ ಘಟಕಕ್ಕೆ ಬಂದಳು. "ನಾನು ಮಾರೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ," ಅಂದಳು. ನಮ್ಮವರು ಅವಳ ಕ್ಯಾಮೆರಾ ನೋಡಿದ ಕೂಡಲೇ ನಿಯಮದ ಪುಸ್ತಕ ಒಪ್ಪಿಸಿಬಿಟ್ಟರು. ಸಂಖ್ಯೆ ಯಾರಿಗೂ ಹೇಳುವುದಿಲ್ಲ, ಹೊರಗಿನಿಂದ ಯಾರೂ ಒಳಗೆ ಬರುವ ಹಾಗಿಲ್ಲ, ಎಲ್ಲ ಸರಿಯಾಗಿದೆ. ಅವಳು ಅದನ್ನೇ ಬರೆದುಕೊಂಡು ಹೋದಳು. ಯೋಜನೆಯವರು, "ಎಲ್ಲಾ ಅಷ್ಟು ಸರಿಯಾಗಿದ್ರೆ ನಿಮ್ಮ ಪೆಟ್ಟಿಗೆ ಯಾರಿಗೆ ಬೇಕು ಡಾಕ್ಟರೇ?" ಎಂದು ಕೇಳಿದರಂತೆ. ನನಗೆ ಫೋನು ಮಾಡಿ ಅತ್ತಳು. ಮೆರಿ ಅಳುವವಳಲ್ಲ. ಚಿಕ್ಕವಳಿದ್ದಾಗ ಕೈ ಮುರಿದಾಗಲೂ ಅತ್ತಿರಲಿಲ್ಲ.

ನಾನು ಎಲ್ವೆಡ್ ಹತ್ತಿರ ಹೋದೆ. ಅವನು ಫಿಲ್ಟರಿನ ಕಟ್ಟೆಯ ಮೇಲೆ ನಿಂತು ಪಾಚಿ ಕೆರೆಯುತ್ತಿದ್ದ.

"ಲೋ ಎಲ್ವೆಡ್, ನನ್ನ ತಂಗಿ ಹತ್ರ ನಿಜ ಹೇಳು."

"ಯಾವ ನಿಜ?"

"ಹಲಗೆ. ನಿನ್ನ ಫೋನು. ಎಲ್ಲಾ."

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ತಂಗಿ ಚಿನ್ನದಂಥ ಹುಡುಗಿ ಮಾರಾಯ. ಆದ್ರೆ ಅವಳ ಹಿಂದೆ ಯಾರಿದ್ದಾರೋ ನಂಗೆ ಗೊತ್ತಿಲ್ಲ."

"ಅವಳ ಹಿಂದೆ ನಾನಿದ್ದೀನಿ."

"ನೀನು ಮಾತು ಕೊಡ್ತೀಯಾ? ಹೊರಗೆ ಹೋಗಲ್ಲ ಅಂತ?"

"ಕೊಟ್ಟೆ."

"ನಿವೃತ್ತಿಗೆ ಇನ್ನೊಂದೇ ಚಳಿಗಾಲ ಇರೋದು ನಂಗೆ. ನೋಡ್ಕೋ."

"ಕೊಟ್ಟೆ ಅಂದ್ನಲ್ಲ!"

ಅವನು ಹೇಳಿದ. ಕ್ಯಾಮೆರಾದ ಮುಂದೆ ಕೂತು, ನಗುನಗುತ್ತಾ, ಹಲಗೆಯ ಗುಟ್ಟು ಹೇಳಿದ. ಕಂಪನಿ ರಾತ್ರಿ ಪಾಳಿ ತೆಗೆದುಹಾಕಿದ ಮೇಲೆ, ಎಚ್ಚರಿಕೆಯ ಗಂಟೆ ಹೊಡೆದಾಗಲೆಲ್ಲ ಹಿಮಗಟ್ಟಿದ ರಸ್ತೆಯಲ್ಲಿ ಬೆಟ್ಟ ಹತ್ತಿ ಬರಬೇಕಾಗಿತ್ತು. ಒಮ್ಮೆ ಅವನ ವ್ಯಾನು ಮಗುಚಿ ಹಳ್ಳಕ್ಕೆ ಬಿತ್ತು. ಆಮೇಲೆ ಅವನೇ ಒಂದು ಸಣ್ಣ ಸಲಕರಣೆ ತಂದು ಕಂಪ್ಯೂಟರಿಗೆ ಸಿಕ್ಕಿಸಿದ, ಮನೆಯಿಂದಲೇ ಫೋನಿನಲ್ಲಿ ಪಂಪು ನೋಡಿಕೊಳ್ಳುವ ಹಾಗೆ. ನಾವೆಲ್ಲ ಹಾಗೇ ನೋಡಿಕೊಳ್ಳುತ್ತಿದ್ದೆವು. ಅದನ್ನೂ ಹೇಳಿದ. "ನಂಗೆ ಬರೋ ದಾರಿ ಇದೆ ಅಂದ್ರೆ ಕಳ್ಳಂಗೂ ಇದೆ ಅಂತ ಗೊತ್ತಮ್ಮ. ಆದ್ರೆ ಕಳ್ಳ ಹಳ್ಳಕ್ಕೆ ಬೀಳಲ್ಲ, ನಾನು ಬೀಳ್ತೀನಿ," ಅಂದ.

ಲಂಡನ್ನಿನಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಈ ಮಾತಿಗಂತೆ.

"ತೋರಿಸದೇ ಇದ್ದಿದ್ರೆ ನಾನು ಉದುರಿಹೋಗ್ತಿದ್ದೆ," ಅಂದಳು ಮೆರಿ. ಈಗ ಅವಳ ಧ್ವನಿಯೂ ಏರಿತ್ತು. "ನಿಂಗೇನು ಗೊತ್ತು? ನನ್ನ ಮುಂದೆ ಹೋದೋರೆಲ್ಲಾ ಬಣ್ಣಬಣ್ಣದ ನಕ್ಷೆ ತೋರಿಸಿದ್ರು. ತೀರ್ಪುಗಾರರು ಫೋನ್ ನೋಡ್ಕೊಂಡು ಕೂತಿದ್ರು. ಎಲ್ವೆಡ್ ಮಾತಾಡೋಕೆ ಶುರು ಮಾಡಿದ ಮೇಲೆ ಅವರು ತಲೆ ಎತ್ತಿದ್ದು. ಬದುಕೆಲ್ಲ ಹಾಕಿದ್ದೀನಿ ನಾನು ಆ ಪೆಟ್ಟಿಗೆಗೆ. ಮದುವೆ ಹೋಯ್ತು ಅದರಲ್ಲಿ."

"ಅದಕ್ಕೆ ಎಲ್ವೆಡ್‌ನ ಕೆಲ್ಸಾನೂ ಹೋಗ್ಲಿ ಅಂತಾನಾ?"

"ಹೋಗಲ್ಲ! ಡೆನ್ಜಿಲ್‌ಗೆ ಮೊದಲೇ ಗೊತ್ತಿತ್ತು ಅದೆಲ್ಲಾ!"

ನಾನು ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗಿಟ್ಟೆ.

"ಏನಂದೆ?"

ಅವಳು ಬಾಯಿ ತಪ್ಪಿ ಆಡಿದ ಹಾಗೆ ಕಂಡಳು. ಆದರೆ ನಾನು ಬಿಡುವವನಲ್ಲ. ಕೊನೆಗೆ ಹೇಳಿದಳು. ಕೇಳಿಕೊಂಡು ಬರುವ ಆ ಹಂತದಲ್ಲಿ ಅವಳು ಡೆನ್ಜಿಲ್ ಹತ್ತಿರವೂ ಹೋಗಿದ್ದಳು. ಅವನು ನಮ್ಮ ವಿಭಾಗದ ಮ್ಯಾನೇಜರು, ಪೆಟ್ಟಿಗೆ ಕೊಳ್ಳುವವರ ಸಾಲಿನಲ್ಲಿ ಬರುವವನು. ಅವನೇ ಬಾಯಿಬಿಟ್ಟು ಹೇಳಿದ್ದ. "ನಮ್ಮ ಹುಡುಗರು ಮನೆಯಿಂದ್ಲೇ ಫೋನಲ್ಲಿ ನಡೆಸ್ತಾರೆ ಡಾಕ್ಟರೇ. ಎಲ್ವೆಡ್ ಬಂದು ಹೇಳ್ದ ನಂಗೆ. ನಾನು ಕೇಳಿಸಿಕೊಳ್ಲಿಲ್ಲ ಅಂದೆ. ರಾತ್ರಿ ಪಾಳಿ ತೆಗೆದೋನು ನಾನೇ, ಇನ್ನೇನು ಅನ್ಲಿ?" ಅಂತ.

"ಎಲ್ವೆಡ್ ಅವನಿಗೆ ಮೊದಲೇ ಹೇಳಿದ್ದ ಅಂತ ಡೆನ್ಜಿಲ್ಲೇ ಒಪ್ಪಿಕೊಂಡ್ನಾ? ನಿನ್ನ ಮುಂದೆ?"

"ನನ್ನ ಮುಂದೆ."

ಎಲ್ವೆಡ್ ನನಗೂ ಹಾಗೇ ಹೇಳಿದ್ದ. ಆದರೆ ಅವನು ಡೆನ್ಜಿಲ್‌ಗೆ ಹೇಳಿದ್ದು ಡೆನ್ಜಿಲ್‌ನ ಕಾರಿನಲ್ಲಿ, ಇಬ್ಬರೇ ಇದ್ದಾಗ. ಈಗ ಡೆನ್ಜಿಲ್ ನನಗೆ ಗೊತ್ತೇ ಇರಲಿಲ್ಲ ಅನ್ನುತ್ತಿದ್ದ. ಮ್ಯಾನೇಜರಿಗೆ ತಿಳಿಸಿ ಮಾಡಿದ್ದರೆ ಅದು ತಪ್ಪು, ಬೈಸಿಕೊಂಡು ಮುಗಿಯುತ್ತದೆ. ಬಚ್ಚಿಟ್ಟು ಮಾಡಿದ್ದರೆ ಮೋಸ, ಕೆಲಸ ಹೋಗುತ್ತದೆ. ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿತ್ತು, ಅದನ್ನು ಕೇಳಿದ ಮೂರನೆಯ ಕಿವಿ ನನ್ನ ತಂಗಿಯದು.

"ಮಂಗಳವಾರ ವಿಚಾರಣೆ," ಅಂದೆ. "ಬಂದು ಇದನ್ನೇ ಹೇಳು. ಇಷ್ಟೇ ಹೇಳು. ಮಿಕ್ಕಿದ್ದೆಲ್ಲಾ ನಾನು ಮರೀತೀನಿ."

ಅವಳು ಕೆಟಲ್ಲಿಗೆ ನೀರು ತುಂಬಿ ಕಾಯಲಿಟ್ಟಳು.

"ಬರ್ತೀನಿ," ಅಂದಳು.

"ನಿಜವಾಗ್ಲೂ?"

"ಬರ್ತೀನಿ ಅಂದ್ನಲ್ಲ ಗೆಥ್."

ಆಗ ನಾನು ಕೂತೆ. ಚಹಾನೂ ಕುಡಿದೆ.

ಎಲ್ವೆಡ್‌ಗೆ ಹೇಳಲು ಅವನ ಮನೆಗೆ ಹೋದಾಗ ಅವನು ಗೇಟಿಗೆ ಬಣ್ಣ ಹೊಡೆಯುತ್ತಿದ್ದ. ನವೆಂಬರಿನ ಥಂಡಿಯಲ್ಲಿ ಯಾರಾದರೂ ಬಣ್ಣ ಹೊಡೆಯುತ್ತಾರೆಯೇ? ಅದು ಒಣಗುವುದೂ ಇಲ್ಲ. ಮನೆಯಲ್ಲಿ ಕೂತು ಗೊತ್ತಿಲ್ಲದ ಮನುಷ್ಯ. ಮನೆಗೆ ಕಳಿಸಿದ್ದು ಊರಿಗೆಲ್ಲ ಗೊತ್ತಾದ ಮೇಲೆ ಗುರುವಾರದ ಹಾಡಿನ ಅಭ್ಯಾಸಕ್ಕೂ ಹೋಗುವುದಿಲ್ಲ ಅಂದಿದ್ದ. ನಮ್ಮ ಗಂಡಸರ ಗಾಯನ ತಂಡದಲ್ಲಿ ಅವನಷ್ಟು ಕೆಳಗಿನ ಸ್ವರಕ್ಕೆ ಇಳಿಯುವವರು ಬೇರೆ ಯಾರೂ ಇಲ್ಲ.

"ಮೆರಿ ಬರ್ತಾಳೆ," ಅಂದೆ. "ಡೆನ್ಜಿಲ್ ಏನು ಹೇಳ್ದ ಅಂತ ಅವಳೇ ಹೇಳ್ತಾಳೆ."

ಅವನು ಬ್ರಷ್ ಹಿಡಿದುಕೊಂಡೇ ನನ್ನನ್ನು ನೋಡಿದ. "ಅವಳು ಯಾಕೆ ಬರ್ತಾಳೆ? ಅವಳ ಹೊಟ್ಟೆಪಾಡು ಈಗ ಕಂಪನಿಗಳ ಹತ್ರ ಅಲ್ವಾ?"

"ನನ್ನ ತಂಗಿ ಕಣೋ ಅವಳು."

"ಅದು ಗೊತ್ತು. ಅದಕ್ಕೇ ಹೇಳ್ದೆ ನಾನು ಅವತ್ತು."

"ನಂಬು ಮಾರಾಯ. ನಾನು ಹೇಳ್ತಿದ್ದೀನಲ್ಲ."

ಅವನ ಮುಖ ಸಡಿಲವಾಯಿತು. ಅಡುಗೆಮನೆಯ ಕಿಟಕಿಯ ಕಡೆ ತಿರುಗಿ, "ಓಲ್ವೆನ್, ಇವನಿಗೂ ಒಂದು ತಟ್ಟೆ ಇಡು," ಎಂದು ಹೆಂಡತಿಗೆ ಕೂಗಿದ. ಕುರಿಮಾಂಸದ ಸಾರು ಇತ್ತು. ಉಂಡು ಮುಗಿಸಿ ಅವನು ಮೇಲೆ ಹೋಗಿ ಟೈ ಕಟ್ಟಿಕೊಂಡು ಇಳಿದು ಬಂದ. ಗುರುವಾರ. ಇಬ್ಬರೂ ಅಭ್ಯಾಸಕ್ಕೆ ಹೋದೆವು. ಅಲ್ಲಿ ಯಾರೂ ಏನೂ ಕೇಳಲಿಲ್ಲ, ಸ್ವಲ್ಪ ಸರಿದು ಅವನಿಗೆ ಜಾಗ ಬಿಟ್ಟರು, ಅಷ್ಟೇ. ಅವನು ಹಾಡಿದ್ದು ಬಹಳ ಚೆನ್ನಾಗಿತ್ತು.

ಭಾನುವಾರ ಮೆರಿಗೆ ಫೋನು ಮಾಡಿದೆ. ಅವಸರದಲ್ಲಿದ್ದಳು. "ಬರ್ತೀನಿ, ಬರ್ತೀನಿ. ಟಾರೆನ್‌ನವರೂ ಫೋನ್ ಮಾಡಿದ್ರು," ಅಂದಳು. ಯಾಕೆ ಅಂತ ಕೇಳಿದೆ. "ಬಂದಾಗ ಹೇಳ್ತೀನಿ," ಅಂದಳು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಡಹುಟ್ಟಿದವಳ ಮೇಲೆ ಅನುಮಾನ ಪಡುವುದು ನನಗೆ ಯಾರೂ ಕಲಿಸಿರಲಿಲ್ಲ.

ವಿಚಾರಣೆ ಕೆಳಗಿನ ಪಟ್ಟಣದಲ್ಲಿ, ಕಂಪನಿಯ ಕಚೇರಿಯಲ್ಲಿ. ಎಲ್ವೆಡ್ ಸಾವಿಗೆ ಹೋಗುವ ಕಪ್ಪು ಸೂಟು ಹಾಕಿದ್ದ. ನನ್ನ ಕಾರಿನಲ್ಲೇ ಹೋದೆವು. ಇಂಥ ವಿಚಾರಣೆಗೆ ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಜೊತೆಗಾರ ಪಕ್ಕದಲ್ಲಿ ಕೂರಬಹುದು, ಮಾತಾಡಬಹುದು. ಆದರೆ ವಿಚಾರಣೆಗೆ ಒಳಗಾದವನಿಗೆ ಕೇಳಿದ ಪ್ರಶ್ನೆಗೆ ತಾನು ಉತ್ತರಿಸುವ ಹಾಗಿಲ್ಲ. ನಾನೇ ಜೊತೆಗಾರ.

ಉದ್ದನೆಯ ಮೇಜು. ಆ ಕಡೆ ಸಿಬ್ಬಂದಿ ವಿಭಾಗದ ಹೆಂಗಸು, ಅವಳ ಪಕ್ಕ ಡೆನ್ಜಿಲ್, ಅವನ ಪಕ್ಕ ಒಂದು ಖಾಲಿ ಕುರ್ಚಿ. ಈ ಕಡೆ ಎಲ್ವೆಡ್, ನಾನು. ನನ್ನ ಪಕ್ಕದ ಕುರ್ಚಿಯ ಮೇಲೆ ನನ್ನ ಟೊಪ್ಪಿ ಇಟ್ಟು ಜಾಗ ಹಿಡಿದಿದ್ದೆ. ಕಿಟಕಿಯಿಂದ ಮೆರಿಯ ಹಳದಿ ಕಾರು ಒಳಗೆ ಬಂದದ್ದು ಕಾಣಿಸಿತು.

"ಬಂದ್ಲು ನೋಡು," ಅಂತ ಎಲ್ವೆಡ್‌ನ ಮೊಣಕೈ ತಿವಿದೆ.

ಅವನು ಕತ್ತೆತ್ತಿ ನೋಡಿ ಟೈ ಸರಿಮಾಡಿಕೊಂಡ.

ಮೆರಿ ಬಾಗಿಲು ತೆಗೆದು ಒಳಗೆ ಬಂದಳು. ನಾನು ಟೊಪ್ಪಿ ಎತ್ತಿಕೊಂಡೆ. ಅವಳು ನನ್ನ ಕಡೆ ನೋಡದೆ ಮೇಜನ್ನು ಸುತ್ತಿಕೊಂಡು ಹೋಗಿ ಡೆನ್ಜಿಲ್‌ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು.

"ಇವರು ಡಾಕ್ಟರ್ ಪ್ರೊಬರ್ಟ್," ಅಂದಳು ಸಿಬ್ಬಂದಿ ವಿಭಾಗದವಳು. "ಕಂಪನಿ ಕರೆಸಿರೋ ತಜ್ಞರು. ಇವರ ಯೋಜನೆಯ ಮೂರನೇ ಹಂತದ ಪ್ರಯೋಗ ಹೊಸ ವರ್ಷದಿಂದ ನಮ್ಮ ಗಾರ್ವೆನ್ ಘಟಕದಲ್ಲೇ ನಡೆಯುತ್ತೆ. ಈ ಥರದ ನಡವಳಿಕೆಯಿಂದ ಏನು ಅಪಾಯ ಅಂತ ವಿವರಿಸ್ತಾರೆ."

ಟಾರೆನ್‌ನವರು ಯಾಕೆ ಫೋನು ಮಾಡಿದ್ದರು ಅಂತ ಈಗ ಗೊತ್ತಾಯಿತು. ಪೆಟ್ಟಿಗೆ ಕೂರಿಸಲು ನಿಜವಾದ ಒಂದು ಜಾಗ ಸಿಗದಿದ್ದರೆ ಅವಳಿಗೆ ಮೂರನೆಯ ಹಂತವಿಲ್ಲ. ಆ ಜಾಗ ಕೊಡುವ ಅಧಿಕಾರ ಡೆನ್ಜಿಲ್‌ನದು.

ಅವಳು ವಿವರಿಸಿದಳು. ಚೆನ್ನಾಗಿಯೇ ವಿವರಿಸಿದಳು. ಆ ಸಣ್ಣ ಸಲಕರಣೆಯ ಮೂಲಕ ಯಾರು ಬೇಕಾದರೂ ಹೇಗೆ ಬರಬಹುದು, ಬಂದರೆ ಏನು ಮಾಡಬಹುದು, ಕಣಿವೆಯ ಮಕ್ಕಳು ಬೆಳಿಗ್ಗೆ ಎದ್ದು ಯಾವ ನೀರು ಕುಡಿಯಬಹುದು. ಒಂದು ಮಾತೂ ಸುಳ್ಳಲ್ಲ. ಎಲ್ವೆಡ್ ಕೇಳುತ್ತಾ ತಲೆಯಾಡಿಸಿದ. "ಹೌದು, ಅದು ನಿಜ," ಅಂತಲೂ ಅಂದ. ಅವನು ಅಂಥ ಮನುಷ್ಯ.

ಅವಳು ಮುಗಿಸಿದ ಮೇಲೆ ನಾನು ಎದ್ದು ನಿಂತೆ.

"ಡಾಕ್ಟರ್ ಪ್ರೊಬರ್ಟ್ ಅವರೇ, ಒಂದು ಪ್ರಶ್ನೆ ಇದೆ."

ತಂಗಿಯನ್ನು ಹಾಗೆ ಕರೆದಾಗ ನನ್ನ ನಾಲಿಗೆಗೇ ಕಹಿಯಾಯಿತು. ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಈ ಸಲಕರಣೆ ಹಾಕಿರೋದು ತನಗೆ ಮುಂಚೇನೇ ಗೊತ್ತಿತ್ತು, ಎಲ್ವೆಡ್ಡೇ ಬಂದು ಹೇಳ್ದ ಅಂತ ಡೆನ್ಜಿಲ್ ಮೇಬರಿ ನಿಮ್ಮ ಮುಂದೆ ಹೇಳಿದ್ರಾ ಇಲ್ವಾ?"

ಡೆನ್ಜಿಲ್ ತನ್ನ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

ಮೆರಿಯ ಕುತ್ತಿಗೆ ಕೆಂಪಾಗಿತ್ತು. ಧ್ವನಿ ಮಾತ್ರ ಅಲುಗಲಿಲ್ಲ. "ನಾನು ಸಂಶೋಧನೆಗಾಗಿ ಮಾತಾಡಿಸಿದ ಯಾರೇ ಆಗ್ಲಿ, ಅವರು ಏನು ಹೇಳಿದ್ರು ಅನ್ನೋದು ಗೋಪ್ಯ. ಯೂನಿವರ್ಸಿಟಿಯ ನಿಯಮದ ಪ್ರಕಾರ ಅದನ್ನ ನಾನು ಬಹಿರಂಗ ಮಾಡೋ ಹಾಗಿಲ್ಲ."

"ಗೋಪ್ಯ?" ಅಂದೆ. "ಗೋಪ್ಯನಾ? ಎಲ್ವೆಡ್ ಹೇಳಿದ್ದನ್ನ ಲಂಡನ್ನಿಗೆ ಹೊತ್ಕೊಂಡು ಹೋಗಿ ಊರಿಗೆಲ್ಲಾ ಸಿನಿಮಾ ತೋರಿಸ್ದೆ! ಈಗ ಡೆನ್ಜಿಲ್ ಹೇಳಿದ್ದು ಮಾತ್ರ ಗೋಪ್ಯ ಆಗೋಯ್ತಾ? ಯಾವನು ಬರೆದ ನಿಯಮ ಇದು? ಪಾಚಿ ಕೆರೆಯೋನಿಗೆ ಒಂದು, ಮ್ಯಾನೇಜರಿಗೆ ಒಂದಾ?"

"ಮಿಸ್ಟರ್ ಪ್ರೊಬರ್ಟ್, ದಯವಿಟ್ಟು ದನಿ ತಗ್ಗಿಸಿ," ಅಂದಳು ಸಿಬ್ಬಂದಿ ವಿಭಾಗದವಳು.

"ತಗ್ಗಿಸಲ್ಲ ಕಣ್ರೀ! ಹೋದ ಬುಧವಾರ ಇವಳ ಅಡುಗೆಮನೇಲಿ ಇವಳೇ ಹೇಳಿದ್ದು ನಂಗೆ. ಡೆನ್ಜಿಲ್‌ಗೆ ಗೊತ್ತಿತ್ತು ಅಂತ. ಇವಳ ಬಾಯಿಂದ್ಲೇ."

"ಡಾಕ್ಟರ್ ಪ್ರೊಬರ್ಟ್, ನೀವು ಹಾಗೆ ಹೇಳಿದ್ರಾ?"

ಇಲ್ಲ ಅಂತ ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ. "ಮನೆಯವರ ಜೊತೆ ಆಡಿದ ಮಾತನ್ನ ಇಲ್ಲಿ ತರೋದು ಸರಿ ಅಲ್ಲ ಅನ್ಸುತ್ತೆ," ಅಂದಳು. "ನಮ್ಮಣ್ಣನಿಗೆ ಸಿಟ್ಟು ಬೇಗ ಬರುತ್ತೆ. ಅದು ಎಲ್ಲರಿಗೂ ಗೊತ್ತು."

ಡೆನ್ಜಿಲ್ ಸಣ್ಣಗೆ ನಕ್ಕ. ಸಿಬ್ಬಂದಿ ವಿಭಾಗದವಳು ಏನೋ ಬರೆದುಕೊಂಡಳು. ನಾನು ಮೇಜಿನ ಮೇಲೆ ಬಾಗಿದ್ದೆ, ಎರಡೂ ಮುಷ್ಟಿ ಊರಿಕೊಂಡು. ಇನ್ನೂ ಏನೇನೋ ಹೇಳುವುದಿತ್ತು. ನಾನು ಆ ಸಲಕರಣೆಯನ್ನು ಬಳಸಿದ್ದೇನೆ, ನನ್ನನ್ನೂ ತೆಗೆಯಿರಿ ಅಂತ ಹೇಳುವುದಿತ್ತು. ಅದನ್ನು ಹೇಳಿಯೂ ಹೇಳಿದೆ. ಅದು ಈ ದಿನದ ವಿಷಯವಲ್ಲ ಅಂದರು.

ಆಗ ಎಲ್ವೆಡ್ ಕುರ್ಚಿ ಹಿಂದೆ ಸರಿಸಿದ.

"ನಿಮ್ಮನ್ನ ಇನ್ನೂ ಒಂದೆರಡು ಪ್ರಶ್ನೆ ಕೇಳೋದಿದೆ," ಅಂದಳು ಸಿಬ್ಬಂದಿ ವಿಭಾಗದವಳು.

"ಕೇಳ್ಕೊಳ್ಳಿ," ಅಂದ ಎಲ್ವೆಡ್. "ನಂಗೇನೂ ಹೇಳೋದಿಲ್ಲ. ಹೇಳೋದೆಲ್ಲಾ ಒಂದ್ಸಲ ಹೇಳಿ ಆಯ್ತು."

"ಈಗ ಎದ್ದು ಹೋದ್ರೆ ನಿಮ್ಮ ಗೈರುಹಾಜರಿಯಲ್ಲೇ ತೀರ್ಮಾನ ಆಗುತ್ತೆ."

"ಆಗ್ಲಿ ಬಿಡಮ್ಮ."

ಅವನು ನನ್ನ ಕಡೆ ತಿರುಗಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಬರ್ತಾಳೆ ಅಂದಿದ್ದೆ ನೀನು. ಬಂದ್ಲು," ಅಂದ.

ಅಷ್ಟೇ ಹೇಳಿ ಅವನು ಹೊರಗೆ ಹೋದ. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡ, ಹಾಡಿನ ನಡುವೆ ತಂಡದಿಂದ ಎದ್ದು ಹೋಗುವವರು ಎಳೆದುಕೊಳ್ಳುವ ಹಾಗೆ.

ನಾನೂ ಹಿಂದೆಯೇ ಹೊರಟೆ. ಮೆರಿ ಎದ್ದು, "ಗೆಥ್, ಒಂದು ನಿಮಿಷ, ಕೇಳಿಲ್ಲಿ," ಅಂದಳು. ನಾನು ಕೇಳಲಿಲ್ಲ. ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದೆ, ಅಲ್ಲಿ ಕಾಯುತ್ತಿರುತ್ತಾನೆ ಅಂತ. ಇರಲಿಲ್ಲ. ಕಾರು ತೆಗೆದುಕೊಂಡು ರಸ್ತೆಗೆ ಬಂದರೆ, ಅಷ್ಟು ದೂರದಲ್ಲಿ ಬೆಟ್ಟದ ಕಡೆಗೆ ನಡೆದುಕೊಂಡು ಹೋಗುತ್ತಿದ್ದ. ಕಪ್ಪು ಸೂಟು, ತಲೆಯ ಮೇಲೆ ಏನೂ ಇಲ್ಲ, ಸಣ್ಣಗೆ ಮಳೆ. ಪಕ್ಕಕ್ಕೆ ಹೋಗಿ ಗಾಜು ಇಳಿಸಿದೆ.

"ಹತ್ತು ಮಾರಾಯ. ಎಂಟು ಮೈಲಿ ಇದೆ."

ಅವನು ನೋಡಲಿಲ್ಲ. ನಡೆಯುತ್ತಲೇ ಇದ್ದ.

"ಎಲ್ವೆಡ್! ನಂಗೆ ಗೊತ್ತಿರ್ಲಿಲ್ಲ ಕಣೋ. ಆಣೆ ಮಾಡಿ ಹೇಳ್ತೀನಿ, ಗೊತ್ತಿರ್ಲಿಲ್ಲ."

ಅವನ ನಡಿಗೆ ನಿಧಾನವೂ ಆಗಲಿಲ್ಲ, ಜೋರೂ ಆಗಲಿಲ್ಲ. ನಾನು ಅವನ ಪಕ್ಕದಲ್ಲೇ ಕಾರನ್ನು ನಡೆಸಿಕೊಂಡು ಸೇತುವೆಯವರೆಗೆ ಹೋದೆ. ಹಿಂದಿನಿಂದ ಬಸ್ಸಿನವನು ಹಾರನ್ ಹೊಡೆದ. ದಾರಿ ಬಿಡಲು ನಾನು ಮುಂದೆ ಹೋಗಲೇಬೇಕಾಯಿತು. ತಿರುವಿನಾಚೆ ನಿಲ್ಲಿಸಿ ಕಾದೆ. ಕತ್ತಲಾಗುವವರೆಗೂ ಕಾದೆ. ಅವನು ಆ ರಸ್ತೆಯಲ್ಲಿ ಬರಲಿಲ್ಲ. ಹೊಳೆಯ ಪಕ್ಕದ ಕಾಲುದಾರಿ ಹಿಡಿದು ಹೋಗಿರಬೇಕು.

ಕೆಲಸ ಹೋದ ಕಾಗದ ಬಂದ ಮೇಲೆ, ಲಾಕರಿನಲ್ಲಿದ್ದ ಬೂಟು, ಊಟದ ಡಬ್ಬಿ ತೆಗೆದುಕೊಂಡು ಹೋಗಲು ಸಹ ಅವನು ಘಟಕಕ್ಕೆ ಬರಲಿಲ್ಲ. ಗುರುವಾರದ ಅಭ್ಯಾಸಕ್ಕೂ ಬರಲಿಲ್ಲ. ನಾನು ಅವನ ಮನೆಗೆ ಹೋದಾಗಲೆಲ್ಲ ಓಲ್ವೆನ್ ಬಾಗಿಲಲ್ಲಿ ನಿಂತು, ಮಲಗಿದ್ದಾನೆ ಅನ್ನುತ್ತಾಳೆ.